ಡೈರಿಯೊಳಗಿನ ಬಳೆ

ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಧಾರವಾಡಕ್ಕೆ ಹೋಗಿದ್ದೆ. ಮುತ್ತಜ್ಜನ ಹೊಲದ ಹಳೆಯ ಕಾಗದ ನೋಡಬೇಕಿತ್ತು. ಮುತ್ತಜ್ಜನ ಹೆಸರು ನಮಗೆಲ್ಲ ಗೊತ್ತು, ಅವನ ಅಪ್ಪನದೂ ಗೊತ್ತು. ಮುತ್ತಜ್ಜಿಯ ಹೆಸರು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಬಗ್ಗೆ ಉಳಿದಿದ್ದು ಒಂದೇ ಮಾತು: ಗಂಡ ಸತ್ತ ಮೇಲೆ ಎಳೆಗೂಸನ್ನು ಭಾವನ ಮನೆಯಲ್ಲಿ ಬಿಟ್ಟು ತವರಿಗೆ ಹೋದಳಂತೆ. ಆ ಕೂಸೇ ನಮ್ಮಜ್ಜ. ಅವರು ತಾಯಿಯ ಮಾತು ತೆಗೆದವರಲ್ಲ, ನಾವೂ ಕೇಳಿದವರಲ್ಲ.

ಬೆಳಗಿನ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಧಾರವಾಡ. ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೈಯಲ್ಲಿ ತಟ್ಟಿದ ರೊಟ್ಟಿ. ಯಂತ್ರದಲ್ಲಿ ಒತ್ತಿ ತೆಗೆದ, ಮಡಚಿದರೆ ಮುರಿಯುವ ರೊಟ್ಟಿಯನ್ನು ಬೆಂಗಳೂರಿನಲ್ಲಿ ತಿಂದೂ ತಿಂದೂ ನನಗೆ ಬೇಸರ ಬಂದಿದೆ. ಮೊದಲ ದಿನ ಬಿಡಾರ ಹುಡುಕುವುದರಲ್ಲೇ ಹೋಯಿತು. ಎರಡನೆಯ ದಿನ ನಮ್ಮೂರಿನ ತಾಲೂಕು ಕಚೇರಿ. ಅಲ್ಲಿನ ಹಳಬರು ಅದನ್ನು ಇನ್ನೂ ಮಾಮಲೇದಾರ ಕಚೇರಿ ಅಂತಲೇ ಕರೆಯುತ್ತಾರೆ.

ನನ್ನ ಹಾಗೆ ಹೋಗುವವರಿಗೆ ಒಂದು ಮಾತು. ರೆಕಾರ್ಡ್ ರೂಮಿನಲ್ಲಿ ಮುತ್ತಜ್ಜನ ಹೆಸರು ಹೇಳಿ ನಿಂತರೆ ಏನೂ ಸಿಗುವುದಿಲ್ಲ. ಅಲ್ಲಿ ಕಾಗದ ಕಟ್ಟಿಟ್ಟಿರುವುದು ಊರಿನ ಮೇಲೆ, ಸರ್ವೆ ನಂಬರಿನ ಮೇಲೆ. ಈಗಿನ ಪಹಣಿಯಿಂದ ಶುರು ಮಾಡಬೇಕು. ಆ ಕಡೆ ಅದಕ್ಕೆ ಉತಾರ ಅನ್ನುತ್ತಾರೆ. ಅದರ 9ನೇ ಕಾಲಮ್ಮಿನಲ್ಲಿ ಮಾಲೀಕನ ಹೆಸರು, 10ನೆಯದರಲ್ಲಿ ಆ ಹೆಸರು ಹೇಗೆ ಬಂತೆಂಬ ವಿವರ ಮತ್ತು ನಂಬರು. ಹಕ್ಕು ಬದಲಾದಾಗಲೆಲ್ಲ ಬರೆಯುವ ಆ ಪುಸ್ತಕಕ್ಕೆ ನಮ್ಮ ಕಡೆ ಡೈರಿ ಎಂದೇ ಹೆಸರು. ಆ ನಂಬರಿನ ಡೈರಿ ತೆಗೆಸಿದರೆ ಅದರಲ್ಲಿ ಹಿಂದಿನ ಖಾತೆದಾರನ ಸಂಗತಿ ಇರುತ್ತದೆ, ಅದನ್ನು ಹಿಡಿದು ಅದರ ಹಿಂದಿನದಕ್ಕೆ. ಹೀಗೆ ಬಾವಿಯ ಮೆಟ್ಟಿಲು ಇಳಿದಂತೆ ಒಂದೊಂದೇ ಇಳಿಯಬೇಕು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಉತಾರ ಕಂಪ್ಯೂಟರಿಗೆ ಏರಿತು. ಅದಕ್ಕೂ ಹಿಂದಿನದೆಲ್ಲ ಕೈಬರಹ. ಧಾರವಾಡ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಅಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಹಾಗಾಗಿ ಡೈರಿಯ ದಾರಿ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ಮಾತು, ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಅಪ್ಪ ಒಬ್ಬ ಏಜೆಂಟನಿಗೆ ದುಡ್ಡು ಕೊಟ್ಟು ಇದೇ ಡೈರಿಯ ನಕಲು ತರಿಸಿದ್ದರು. ಆತ ಕೈಯಲ್ಲಿ ಬರೆದು ತಂದುಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟೇ: ಇಂಥವನು ಮಯತ (ಅಂದರೆ ಮೃತ), ವಾರಸ ಮಗ ಇಂಥವನು. ಮೂಲದಲ್ಲಿ ನಾಲ್ಕು ಸಾಲು ಇತ್ತು. ತನಗೆ ಬೇಡವೆನಿಸಿದ್ದನ್ನು ಆತ ಬಿಟ್ಟುಬಿಟ್ಟಿದ್ದ. ಆ ಹಾಳೆಯನ್ನು ಅಪ್ಪ ಪ್ಲಾಸ್ಟಿಕ್ ಹಾಕಿಸಿ ಕಪಾಟಿನಲ್ಲಿಟ್ಟು, ಅದನ್ನೇ ನಂಬಿಕೊಂಡು ತೀರಿಕೊಂಡರು. ದಯವಿಟ್ಟು ಬರೆದುಕೊಟ್ಟ ನಕಲು ತೆಗೆದುಕೊಳ್ಳಬೇಡಿ. ಮೂಲ ಪುಟದ ಝೆರಾಕ್ಸನ್ನೇ ದೃಢೀಕರಿಸಿ ಕೊಡಿ ಎಂದು ಅರ್ಜಿಯಲ್ಲಿ ಬರೆಯಿರಿ.

ಮಧ್ಯಾಹ್ನ ಮೂರರ ಹೊತ್ತಿಗೆ 1919ರ ಡೈರಿ ನನ್ನ ಮುಂದೆ ಬಂತು. ಅಂಚು ಪುಡಿಯಾಗುತ್ತಿದ್ದ ಉದ್ದನೆಯ ಪುಸ್ತಕ, ಒಣಗಿದ ಬೇವಿನೆಲೆಯ ವಾಸನೆ. ಅಕ್ಷರ ಕನ್ನಡವೇ, ಆದರೆ ಒಂದಕ್ಕೊಂದು ಕೂಡಿಕೊಂಡು ಓಡುವ ಕನ್ನಡ. ಮುತ್ತಜ್ಜನ ಹೆಸರು ಸಿಕ್ಕಿತು, ಮುಂದಿನದು ತಿಳಿಯಲಿಲ್ಲ. ಅಲ್ಲಿದ್ದ ಗುಮಾಸ್ತೆ ಹುಡುಗಿ, "ನಮಗೂ ತಿಳಿಯಂಗಿಲ್ರೀ ಅಕ್ಕಾರ. ಹೊರಗ ಬಾಂಡ್ ರೈಟರ್ ಕಡೆ ಒಬ್ರು ಅಜ್ಜಾರು ಕುಂತಿರ್ತಾರ, ಹಳೇ ತಲಾಠಿ. ಕರದ್ರ ಬರ್ತಾರ" ಅಂದಳು. ತಲಾಠಿ ಎಂದರೆ ಊರಿನ ಲೆಕ್ಕಪತ್ರ ಬರೆಯುವ ಗ್ರಾಮ ಲೆಕ್ಕಿಗ.

ಅಜ್ಜ ಬಂದರು. ಬಿಳಿ ಟೋಪಿ, ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದರು.

"ಖಾತೇದಾರ ಮಯತ. ವಾರಸ ಮಗ, ವಯಾ ವರ್ಷ ನಾಲ್ಕು. ಅ.ಪಾ.ಕ. ತಾಯಿ ತುಂಗವ್ವ."

"ಅ.ಪಾ.ಕ. ಅಂದ್ರೇನ್ರೀ ಅಜ್ಜಾರ?"

"ಅಜ್ಞಾನ ಪಾಲನಕರ್ತ. ಹುಡುಗ ಸಣ್ಣಾಂವ ಇದ್ರ ಅವನ ಪರವಾಗಿ ಜ್ವಾಕಿ ಮಾಡಾಕ ಯಾರರೆ ಬೇಕಲ್ಲ. ಇಲ್ಲಿ ತಾಯಿ ಅದಾಳ. ವರ್ದಿನೂ ಆಕೀನ ಕೊಟ್ಟಾಳ ನೋಡ್ರಿ."

ತುಂಗವ್ವ. ಆ ಹೆಸರನ್ನು ನಾನು ಎರಡು ಸಲ ಬಾಯಿ ಬಿಟ್ಟು ಹೇಳಿದೆ. ವರ್ದಿ ಕೊಟ್ಟ ತಾರೀಖು ಜನವರಿಯದು. ಮುತ್ತಜ್ಜ ಸತ್ತದ್ದು 1918ರ ಅಕ್ಟೋಬರಿನಲ್ಲಿ, ಇನ್‌ಫ್ಲುಯೆಂಜಾ ಮುಂಬೈ ಇಲಾಖೆಯ ಊರೂರನ್ನೇ ಮಲಗಿಸಿದ ತಿಂಗಳಲ್ಲಿ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಗಂಡ ಹೋಗಿ ಮೂರು ತಿಂಗಳಿಗೆ ಈ ಹೆಂಗಸು ಚಾವಡಿಗೆ ನಡೆದು ಹೋಗಿ, ಹೊಲವನ್ನು ನಾಲ್ಕು ವರ್ಷದ ಮಗನ ಹೆಸರಿಗೆ ಹಚ್ಚಿಸಿದ್ದಾಳೆ. ಭಾವ ಇದ್ದ ಮನೆ ಅದು.

ಹೆಸರಿನ ಪಕ್ಕದಲ್ಲಿ ಒಂದು ಸೊನ್ನೆ ಇತ್ತು. ಇದೇನು, ಏನೋ ಮೊತ್ತ ಬರೆಯಲು ಹೋಗಿ ಬಿಟ್ಟಿದ್ದಾರೆಯೇ ಎಂದು ಕೇಳಿದೆ. ಅಜ್ಜ ಪುಸ್ತಕ ಕೆಳಗಿಟ್ಟು ನನ್ನ ಮುಖ ನೋಡಿದರು.

"ಸೊನ್ನಿ ಅಲ್ಲ ತಂಗಿ. ಬಳಿ ಅದು."

"ಬಳಿ?"

"ಸಹಿ ಬರದವರು ಏನರೆ ಒಂದು ನಿಶಾನಿ ಮಾಡಬೇಕಲ್ಲ. ಒಕ್ಕಲಿಗ ಇದ್ರ ನೇಗಲಾ ತಗೀತಿದ್ದ. ಹೆಣ್ಮಗಳು ಇದ್ರ ಬಳಿ. ಹೆಬ್ಬಟ್ಟು ಬಂದ ಮ್ಯಾಲೆ ಇದೆಲ್ಲಾ ಹೋತು."

ನಾನು ಆ ಗೆರೆಯನ್ನು ಹತ್ತಿರದಿಂದ ನೋಡಿದೆ. ಅಡಿಕೆಯಷ್ಟು ದೊಡ್ಡದು. ಕೆಳಗೆ ಶಾಯಿ ದಪ್ಪ, ಮೇಲೆ ಬರುತ್ತ ಬರುತ್ತ ತೆಳು, ಕೊನೆಗೆ ಎರಡು ತುದಿಗಳು ಕೂಡಿಲ್ಲ. ತಲಾಠಿಯೇ ಬರೆದು ಅವಳಿಗೆ ಲೇಖಣಿ ಮುಟ್ಟಿಸಿರಬಹುದೇ ಎಂದೆ.

"ಹಂಗೂ ಮಾಡ್ತಿದ್ರು, ಸುಳ್ಳು ಯಾಕ ಹೇಳ್ಲಿ. ಆದ್ರ ಈತನ ಅಕ್ಷರ ನೋಡು, ಎಷ್ಟು ದುಂಡಗ ಅದಾವ. ಈತ ತಗದಿದ್ರ ಬಳಿನೂ ದುಂಡಗ ಇರ್ತಿತ್ತು. ಇದು ಆಕೀ ಕೈನ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಜ್ಜನೇ ಮೆಲ್ಲಗೆ ಅಂದರು, "ಆವಾಗ ಆಕೀ ಕೈಯಾಗ ಬಳಿ ಇರಾಕಿಲ್ಲ, ತಂಗಿ. ಒಡದಿರ್ತಾರ."

ನನಗೆ ಅದು ಹೊಳೆದೇ ಇರಲಿಲ್ಲ. ಬರಿಗೈಯಲ್ಲಿ ಕೂತು ಅವಳು ಬಳೆ ಬರೆದಿದ್ದಳು. ಅಲ್ಲೇ ಬೆಂಚಿನ ಮೇಲೆ ನನಗೆ ಅಳು ಬಂತು. ಗುಮಾಸ್ತೆ ಹುಡುಗಿ ನೀರಿನ ಬಾಟಲಿ ತಂದಿಟ್ಟಳು.

ತವರಿಗೆ ಹೋದಳೆಂಬ ಮಾತನ್ನು ಅಜ್ಜನ ಮುಂದೆ ಹೇಳಿದೆ. ಅವರು ಒಪ್ಪಲಿಲ್ಲ. ಹುಡುಗ ವಯಸ್ಸಿಗೆ ಬಂದಾಗ ಇನ್ನೊಂದು ಡೈರಿ ಆಗಿರಲೇಬೇಕು, ತೆಗೆಸಿ ಅಂದರು. ಮರುದಿನ ಅದೂ ಸಿಕ್ಕಿತು, 1933ರದು. ಹುಡುಗನಿಗೆ ಹದಿನೆಂಟು ತುಂಬಿದೆ, ತಾಯಿ ಹಾಜರಿದ್ದು ಕಬೂಲ್ ಜಬಾಬು, ಅಂದರೆ ಒಪ್ಪಿಗೆಯ ಹೇಳಿಕೆ, ಕೊಟ್ಟಿದ್ದಾಳೆ, "ಸಬಬ ಅ.ಪಾ.ಕ. ಹೆಸರು ಕಮ್ಮಿ ಮಾಡಿದೆ." ಅದರ ಪಕ್ಕದಲ್ಲೂ ಬಳೆ. ಈ ಸಲ ತುದಿಗಳು ಕೂಡಿದ್ದವು. ಹದಿನಾಲ್ಕು ವರ್ಷ ಅವಳು ಎಲ್ಲಿಗೂ ಹೋಗಿರಲಿಲ್ಲ. ಹೊಲ ಕಾಯ್ದು, ಬೆಳೆದ ಮಗನ ಕೈಗೆ ಒಪ್ಪಿಸಿ, ತನ್ನ ಹೆಸರನ್ನು ತಾನೇ ಕಮ್ಮಿ ಮಾಡಿಸಿಕೊಂಡಿದ್ದಳು. ಆ ಸುಳ್ಳನ್ನು ಮೊದಲು ಯಾರು ಹುಟ್ಟಿಸಿದರೋ, ನಾವು ಮೂರು ತಲೆಮಾರು ಅದನ್ನೇ ಹೇಳಿಕೊಂಡು ಬಂದೆವು.

ಅಲ್ಲಿಂದ ಪುಣೆಗೆ ಹೋಗಿ ಪೇಶವೆ ದಫ್ತರ, ಅಂದರೆ ಪೇಶವೆಗಳ ಕಾಲದ ದಾಖಲೆಗಳ ಭಂಡಾರ, ನೋಡುವ ಆಲೋಚನೆಯೂ ಇತ್ತು. ರುಮಾಲುಗಳಲ್ಲಿ ಕಟ್ಟಿಟ್ಟ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳ ರಾಶಿ ಅಲ್ಲಿದೆ. ಅಜ್ಜ ಬೇಡವೆಂದರು. ಇನಾಮು, ವತನ ಇದ್ದ ಮನೆತನದವರಿಗೆ ಅಲ್ಲಿ ಕೆಲಸ, 1852ರ ಇನಾಮ್ ಕಮಿಷನ್ ಕಾಯ್ದೆಯಲ್ಲಿ ವಿಚಾರಣೆಗೆ ಒಳಗಾದವರ ಕಾಗದವೆಲ್ಲ ಅಲ್ಲಿಗೆ ಹೋಗಿದೆ, ಕಂದಾಯ ಕಟ್ಟಿ ಉಳುತ್ತಿದ್ದ ನಮ್ಮಂಥವರಿಗೆ ಅಲ್ಲೇನು ಸಿಕ್ಕೀತು ಎಂದು ಅವರ ಲೆಕ್ಕ. ನನಗೂ ಬೇಕೆನಿಸಲಿಲ್ಲ. ಆ ಸಂಜೆ ಆಟೋ ಮಾಡಿಕೊಂಡು ಹೊಲಕ್ಕೆ ಹೋಗಿ ಬಂದೆ. ಈಗ ಬೇರೆಯವರ ಹೊಲ, ಕಡಲೆ ಹಾಕಿದ್ದರು. ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡಿತು.

ಕೊನೆಯ ದಿನ ನಕಲು ತೆಗೆದುಕೊಳ್ಳಲು ಹೋದೆ. ಮೊದಲ ಝೆರಾಕ್ಸಿನಲ್ಲಿ ಅಕ್ಷರ ಬಂದಿತ್ತು, 1919ರ ಬಳೆ ಬಂದಿರಲಿಲ್ಲ. ಶಾಯಿ ಅಷ್ಟು ತೆಳುವಾಗಿತ್ತು. ಇನ್ನೊಮ್ಮೆ ತೆಗೆಯಿರಿ ಎಂದು ಕೇಳಿಕೊಂಡೆ. ಎರಡನೆಯದರಲ್ಲಿ ಕೆಳಗಿನ ಅರ್ಧ ಬಂತು. ಗುಮಾಸ್ತೆ ಹುಡುಗಿ ಏನೂ ಹೇಳದೆ ಯಂತ್ರದ ಗುಂಡಿ ಒತ್ತಿ ಒತ್ತಿ ಕಪ್ಪು ಏರಿಸಿದಳು. ಮೂರನೆಯ ಹಾಳೆ ಪೂರಾ ಮಸಿ ಮಸಿಯಾಗಿ ಹೊರಗೆ ಬಂತು, ಅದರ ನಡುವೆ ಬಳೆ ಇತ್ತು. "ಇದಕ್ಕ ಸಿಕ್ಕಾ ಹಾಕ್ಲೇನ್ರೀ?" ಎಂದಳು. ಹಾಕಿ ಅಂದೆ.