ಒಂಬತ್ತನೆಯ ಸಲ ಒಡೆಯದೆ ನಿಂತ ಬಂಗಡೆ ಸಾರು

ಕಳೆದ ಭಾನುವಾರ ಮಧ್ಯಾಹ್ನ ಮಾಡಿದ ಬಂಗಡೆ ಸಾರು ನೀರು ಬೇರೆ, ಮಸಾಲೆ ಬೇರೆಯಾಗಿ ಒಡೆಯಲಿಲ್ಲ. ಜನವರಿಯಿಂದ ಎಂಟು ಸಲ ಮಾಡಿ ಎಂಟು ಸಲವೂ ಸೋತಿದ್ದೆ; ಒಂಬತ್ತನೆಯದು ಸೌಟಿನ ಬೆನ್ನಿಗೆ ಅಂಟಿಕೊಂಡು ನಿಂತಿತು. ಕಾಯಿ ಕಡಿಮೆ ಹಾಕಿದರೂ ಸಾರು ಸಾರಿನಂತೆಯೇ ಇರಬೇಕು ಎಂಬ ಈ ಕೆಲಸದಲ್ಲಿ ನನ್ನಂತೆಯೇ ತೊಡಗಿರುವವರು ಕರಾವಳಿಯ ಹಲವು ಮನೆಗಳಲ್ಲಿ ಇದ್ದಾರೆಂದು ಬಲ್ಲೆ. ಆದ್ದರಿಂದ ಮಸಾಲೆ ಅರೆಯುವ, ಮೀನು ಸ್ವಚ್ಛಗೊಳಿಸುವ ವಿವರಗಳನ್ನೆಲ್ಲ ಬಿಟ್ಟು, ನನ್ನನ್ನು ಇಷ್ಟು ತಿಂಗಳು ಕಾಡಿದ ಒಂದೇ ತೊಡಕನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಪ್ಪನ ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ದಿನ ಮನೆಯ ಅಡುಗೆಯನ್ನು ತಕ್ಕಡಿಗೆ ಹಾಕಿದೆ. ನಮ್ಮ ಮನೆಯ ಐವರ ಸಾರಿಗೆ ಒಂದು ಇಡೀ ಕಾಯಿ ಬೀಳುತ್ತಿತ್ತು. ತುರಿದಾಗ 240 ಗ್ರಾಂ. ಹಸಿ ಕಾಯಿತುರಿಯ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿಯಾದ್ದರಿಂದ ಅಷ್ಟಕ್ಕೇ 840. ಮಸಾಲೆ ಹುರಿಯಲು ಎರಡು ದೊಡ್ಡ ಚಮಚ, ಕೊನೆಗೆ ಮೇಲಿನಿಂದ ಅಂಥದೇ ಒಂದು ಚಮಚ ಕೊಬ್ಬರಿ ಎಣ್ಣೆ ಸೇರಿದರೆ ಇನ್ನೊಂದು 360. ಅಂದರೆ ಮೀನನ್ನೂ ಅನ್ನವನ್ನೂ ಲೆಕ್ಕಕ್ಕೆ ಹಿಡಿಯುವ ಮೊದಲೇ ಪ್ರತಿ ತಟ್ಟೆಗೆ 240 ಕ್ಯಾಲೊರಿ. ಮೀನಿನಲ್ಲಿ ಮಾತ್ರ ಏನನ್ನೂ ಕಡಿಮೆ ಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ, ಏಕೆಂದರೆ ಬಂಗಡೆಯ ಕೊಬ್ಬಿನಲ್ಲಿ ಒಮೆಗಾ-3 ಇದೆ, ಮಾಂಸದಲ್ಲಿ ಒಳ್ಳೆಯ ಪ್ರೋಟೀನು ಇದೆ. ಕಾಯಿಯನ್ನು 60 ಗ್ರಾಮಿಗೂ ಎಣ್ಣೆಯನ್ನು ಒಂದೇ ಸಣ್ಣ ಚಮಚಕ್ಕೂ ಇಳಿಸುವುದೇ ಗುರಿಯಾಯಿತು.

ಮೊದಲ ಸಲ ಕಾಯಿಯನ್ನಷ್ಟೇ ಕಡಿಮೆ ಮಾಡಿದೆ. ನೀರು ಒಂದು ಕಡೆ, ಕೆಂಪು ಚರಟ ಇನ್ನೊಂದು ಕಡೆ ನಿಂತಿತು. ಆಯಿ ಒಂದು ತುತ್ತು ಕಲಸಿ, “ಇದು ಸಾರಲ್ಲ ಮಗಾ, ಮಸಾಲೆ ಅರೆದ ಕಲ್ಲು ತೊಳೆದ ನೀರು” ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಎರಡನೆಯ ಸಲ ಹುರಿಗಡಲೆ ಅರೆದು ಹಾಕಿದೆ; ದಪ್ಪವೇನೋ ಬಂತು, ಆದರೆ ಇಡ್ಲಿಯ ಚಟ್ನಿಯ ವಾಸನೆ ಮೀನಿನ ಪಾತ್ರೆಯಲ್ಲಿ ಸಹಿಸಲು ಸಾಧ್ಯವಿರಲಿಲ್ಲ. ಮೂರನೆಯದರಲ್ಲಿ ಈರುಳ್ಳಿಯನ್ನು ಬೇಯಿಸಿ ಅರೆದಾಗ ಸಾರು ಸಿಹಿಯಾಯಿತು. ನಾಲ್ಕನೆಯದಕ್ಕೆ ಬಿಳಿ ಬೆಳ್ತಿಗೆ ಅಕ್ಕಿ ಬಳಸಿದೆ. ಬಿಸಿಯಿದ್ದಾಗ ಚೆನ್ನಾಗಿದ್ದದ್ದು ತಣಿದ ಮೇಲೆ ಅಂಟಿನಂತೆ ಗಟ್ಟಿಯಾಗಿ, ಮತ್ತೆ ಕಾಯಿಸಿದಾಗ ಅಲ್ಲಲ್ಲಿ ಗಂಟು ಕಟ್ಟಿತು.

ಅಕ್ಕಿಯ ದಾರಿ ಸರಿಯಿದೆ, ಅಕ್ಕಿ ಮಾತ್ರ ಬೇರೆಯಾಗಬೇಕು ಎಂದು ಅನ್ನಿಸಿದ್ದು ಆಗ. ಕುಮಟಾದ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ), ವಿಶೇಷವಾಗಿ ಮಾಣಿಕಟ್ಟಾದ ಸುತ್ತ, ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಕೆಂಪು ಕುಚಲಕ್ಕಿ ನಮ್ಮ ಅಜ್ಜಿಯ ಗಂಜಿಯಲ್ಲಿ ಇರುತ್ತಿತ್ತು. ಆ ಗಂಜಿಯ ತಿಳಿ ತಣಿದ ಮೇಲೂ ಹಿಟ್ಟಿನಂತೆ ಗಟ್ಟಿಯಾಗುತ್ತಿರಲಿಲ್ಲವೆಂಬ ನೆನಪು ನನ್ನಲ್ಲಿ ಉಳಿದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಕಗ್ಗ ಎಂದು ಕೇಳಿ, ದುಬಾರಿ ಬೆಲೆ ಕೊಟ್ಟು ಎರಡು ಕಿಲೋ ತಂದೆ. ನೆನೆಹಾಕಿದ ಅರ್ಧ ಗಂಟೆಯಲ್ಲೇ ನೀರು ಕೆಂಪಾಯಿತು, ಕಾಳು ಬಿಳಿಚಿಕೊಂಡಿತು. ಕೆಂಪಕ್ಕಿಯ ಬಣ್ಣ ಕಾಳಿನ ಮೇಲ್ಪದರದಲ್ಲಿಯೇ ಇರುವಂಥದ್ದು. ಅದು ಹೀಗೆ ಪೂರ್ತಿ ತೊಳೆದು ಹೋಗುವುದಿಲ್ಲ. ಉಪ್ಪುನೀರಿನಲ್ಲಿ ಮೊಣಕಾಲುದ್ದ ನಿಂತು ಆ ಭತ್ತವನ್ನು ಬೆಳೆಯುವವರ ಹೆಸರಿನಲ್ಲಿ ಬೇರೆ ಅಕ್ಕಿಯನ್ನು ಮಾರುವುದು ನನಗೆ ನಿಜವಾಗಿಯೂ ನೋವು ತಂದಿತು. ಐದನೆಯ ಪ್ರಯತ್ನ ಹಾಗೆ ಹಾಳಾಯಿತು. ಕೊನೆಗೆ ಕುಮಟಾದ ಮಾವನ ಮೂಲಕ ಬೆಳೆಗಾರರ ಮನೆಯಿಂದಲೇ ಅಕ್ಕಿ ಬಂತು.

ಅಸಲಿ ಕಗ್ಗದಲ್ಲಿಯೂ ಆರನೆಯ ಮತ್ತು ಏಳನೆಯ ಸಾರು ಒಡೆದವು. ಕುಚಲಕ್ಕಿ ಒಮ್ಮೆ ಬೆಂದು ಒಣಗಿದ ಕಾಳಾದ್ದರಿಂದ ಗಟ್ಟಿ. ಎರಡು ಗಂಟೆ ನೆನೆಸಿ ಮಿಕ್ಸಿಗೆ ಹಾಕಿದರೆ ರವೆಯಾಗಿಯೇ ಉಳಿಯುತ್ತದೆ. ಎಂಟು ಗಂಟೆ ನೆನೆಸಿ ಒರಳಿನಲ್ಲಿ ತಿರುವಿದ ಮೇಲೆ ಆ ದೋಷ ಹೋಯಿತು, ಒಡೆಯುವ ದೋಷ ಹೋಗಲಿಲ್ಲ. ಎಂಟನೆಯದು ಉಪ್ಪಿನಿಂದ ಕೆಟ್ಟಿತು. ಹುಳಿಗೆಂದು ಉಪ್ಪು ಹಾಕದೆ ಒಣಗಿಸಿದ ಮುರುಗಲ (ಕೋಕಂ, ಪುನರ್ಪುಳಿ) ಸಿಪ್ಪೆಯನ್ನು ಕೇಳಿ ತಂದಿದ್ದೆ, ಕೊಟ್ಟವರು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ್ದನ್ನು ಕೊಟ್ಟಿದ್ದರು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ ಉಪ್ಪು ದಾಟಬಾರದು ಎಂಬ ಮಿತಿಯನ್ನು ಪಾಲಿಸಲು ಹೊರಟವರು ಸಿಪ್ಪೆಯನ್ನು ಮೊದಲು ನಾಲಿಗೆಗೆ ಮುಟ್ಟಿಸಿ ನೋಡಬೇಕು.

ಅಷ್ಟರಲ್ಲಿ ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿಕೊಂಡು ನಿಲ್ಲುತ್ತವೆ. ಆ ದಿನಗಳಲ್ಲಿ ಐಸಿನಲ್ಲಿ ಹಳಸಿದ ಮೀನನ್ನು ತಾಜಾ ಎಂದು ಹೇಳಿ ಮಾರಿದವರಿಂದ ಒಮ್ಮೆ ಮೋಸಹೋದ ಮೇಲೆ ಮೀನಿಲ್ಲದೆಯೇ ಪರೀಕ್ಷೆ ಮುಂದುವರಿಸಿದೆ. ಈ ನಿಷೇಧವೇ ನನಗೆ ಉಪಕಾರ ಮಾಡಿತು. ಮೀನಿಲ್ಲದ ಬರೀ ಮಸಾಲೆಯ ಸಾರನ್ನು ಎರಡು ಸಣ್ಣ ಪಾತ್ರೆಗಳಿಗೆ ಹಂಚಿ, ಒಂದಕ್ಕೆ ವಾಡಿಕೆಯಂತೆ ಮೊದಲೇ ಮುರುಗಲು ಹಾಕಿ ಕುದಿಸಿದೆ, ಇನ್ನೊಂದಕ್ಕೆ ಒಲೆ ಆರಿಸಿದ ಮೇಲೆ ಹಾಕಿದೆ. ಮೊದಲನೆಯದು ಹತ್ತು ನಿಮಿಷದಲ್ಲಿ ಒಡೆದು ತೆಳ್ಳಗಾಯಿತು. ಎರಡನೆಯದು ಸಂಜೆಯವರೆಗೂ ಹಾಗೆಯೇ ಇತ್ತು.

ತಪ್ಪು ಕಾಯಿಯ ಅಳತೆಯಲ್ಲಿ ಇರಲೇ ಇಲ್ಲ, ಹುಳಿಯ ಹೊತ್ತಿನಲ್ಲಿ ಇತ್ತು. ಹುಳಿಯೊಂದಿಗೆ ಬಹಳ ಹೊತ್ತು ಕುದಿದರೆ ಅಕ್ಕಿಯ ಪಿಷ್ಟದ ಸರಪಳಿಗಳು ತುಂಡಾಗಿ ಗಟ್ಟಿತನ ಇಳಿಯುತ್ತದೆ. ಅದೇ ಹುಳಿ ಮತ್ತು ಜೋರು ಕುದಿ ಸೇರಿ ಕಾಯಿಹಾಲಿನ ಪ್ರೋಟೀನನ್ನು ಹಾಲು ಒಡೆದಂತೆ ಒಡೆಯುತ್ತದೆ. ಇಡೀ ಕಾಯಿ ಹಾಕುತ್ತಿದ್ದಾಗಲೂ ಇದು ನಡೆಯುತ್ತಲೇ ಇದ್ದಿರಬೇಕು, ಆದರೆ ಅಷ್ಟು ಚರಟ ಮತ್ತು ಕೊಬ್ಬಿನ ನಡುವೆ ಒಡೆದದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಯಿ ಕಡಿಮೆಯಾದೊಡನೆ ಮುಚ್ಚಿಕೊಂಡಿದ್ದ ದೋಷ ಮೇಲೆ ಬಂತು. ಇದು ಹೊಳೆದ ದಿನ ಮಳೆಯಲ್ಲಿಯೇ ಮಾವನ ಮನೆಗೆ ಫೋನು ಮಾಡಿ ಅರ್ಧ ಗಂಟೆ ಮಾತನಾಡಿದ್ದೇನೆ.

ಆಗಸ್ಟಿನಲ್ಲಿ ಮೀನು ಬಂದ ಮೇಲೆ ಮಾಡಿದ ಒಂಬತ್ತನೆಯ ಸಾರಿನ ಕ್ರಮ ಹೀಗಿತ್ತು. ಬಂಗಡೆಯ ತಲೆಗಳನ್ನು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿದ ನೀರಿಗೆ 20 ಗ್ರಾಂ ಕಗ್ಗದ ಅರೆದ ಹಿಟ್ಟನ್ನು ಸೇರಿಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿದೆ. ಕೊತ್ತಂಬರಿ ಬೀಜವನ್ನೂ ಬ್ಯಾಡಗಿ ಮೆಣಸನ್ನೂ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, 60 ಗ್ರಾಂ ಕಾಯಿಯೊಡನೆ ಬೆಣ್ಣೆಯಂತೆ ಅರೆದು, ಉರಿ ತಗ್ಗಿಸಿ ಹಾಕಿದೆ. ತಿರಫಲವೆಂದೂ ಕರೆಯುವ ಪರಿಮಳದ ಜುಮ್ಮನಕಾಯಿ ನಾಲ್ಕನ್ನು ಬೀಜ ತೆಗೆದು ಜಜ್ಜಿ ಹಾಕಿದೆ. ಕಾಯಿ ಕಡಿಮೆಯಿರುವ ಸಾರಿಗೆ ಪರಿಮಳದ ಆಸರೆ ಬೇಕೇ ಬೇಕು. ಮೀನಿನ ತುಂಡುಗಳು ಐದಾರು ನಿಮಿಷದಲ್ಲಿ ಬೆಂದವು. ಒಲೆ ಆರಿಸಿ, ಬೆಚ್ಚಗಿನ ನೀರಿನಲ್ಲಿ ನೆನೆದಿದ್ದ ಮುರುಗಲನ್ನು ಆ ನೀರಿನ ಸಮೇತ ಸುರಿದು, ಮೇಲೆ ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಮುಚ್ಚಿಟ್ಟೆ. ಮೆಣಸಿನ ಖಾರವೂ ಬಣ್ಣವೂ ಕೊಬ್ಬಿನಲ್ಲಿ ಕರಗುವಂಥವು. ಆ ಒಂದು ಚಮಚವನ್ನೂ ಬಿಟ್ಟರೆ ಸಾರು ಮಂಕಾಗುತ್ತದೆ. ಕಾಯಿ 210, ಅಕ್ಕಿ 70, ಎಣ್ಣೆ 40, ಒಟ್ಟು 320. ತಟ್ಟೆಗೆ 64 ಕ್ಯಾಲೊರಿ. ಹಿಂದಿನದಕ್ಕಿಂತ 176 ಕಡಿಮೆ.

ಮನೆಯಲ್ಲಿ ಗೆದ್ದರೂ ಹೊರಗಿನ ಊಟ ಉಳಿದೇ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಉಪಾಹಾರ ಗೃಹಗಳು ತಮ್ಮ ಪಟ್ಟಿಯಲ್ಲಿ ಕ್ಯಾಲೊರಿಯನ್ನು ತೋರಿಸಬೇಕೆಂದು ಆಹಾರ ಸುರಕ್ಷತೆಯ 2020ರ ನಿಯಮಗಳು ಹೇಳುತ್ತವೆ. ನಮ್ಮ ಕಾರವಾರದ ಮೀನೂಟದ ಖಾನಾವಳಿಗಳಿಗೆ ಅದು ಅನ್ವಯಿಸದು, ಆದ್ದರಿಂದ ಕಣ್ಣಳತೆಯೇ ಗತಿ. ಅಪ್ಪನನ್ನು ಕರೆದುಕೊಂಡು ಹೋದಾಗ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದ ತುಂಡಿನ ಬದಲು ಬರೀ ಮಸಾಲೆ ಹಚ್ಚಿ ತವೆಯ ಮೇಲೆ ಕಾಯಿಸಿದ್ದನ್ನು ಕೇಳುತ್ತೇನೆ. ಒಂದು ಕಡೆ ಮಾಲೀಕರೇ ಅಡುಗೆಮನೆಗೆ ಹೋಗಿ ಹೇಳಿ ಬಂದರು, ಮತ್ತೊಂದು ಕಡೆ “ಹಾಗೆ ಮಾಡಲು ಹೊತ್ತು ಹಿಡಿಯುತ್ತದೆ” ಎಂದು ಬೇಸರಪಟ್ಟುಕೊಂಡರು. ಜೊತೆಗೆ ಕೊಡುವ ಮುರುಗಲ ಕಡಿಯನ್ನು ಅಪ್ಪ ಮಜ್ಜಿಗೆಯಷ್ಟೇ ಹಗುರವೆಂದು ಎರಡು ಲೋಟ ಕುಡಿಯುತ್ತಿದ್ದರು. ಅದು ಕಾಯಿಹಾಲಿನದು ಎಂದು ತಿಳಿಸಿದ ಮೇಲೆ ಕಾಯಿಹಾಲಿಲ್ಲದ, ಬೆಳ್ಳುಳ್ಳಿ ಜಜ್ಜಿದ ಮುರುಗಲ ನೀರನ್ನು ಕೇಳುತ್ತಾರೆ.

ಇನ್ನು ಮುಂದಿನದು ಬಳಚು, ಅಂದರೆ ಚಿಪ್ಪುಮೀನು. ಅಘನಾಶಿನಿಯ ಬಳಚಿನಲ್ಲಿ ಕೊಬ್ಬು ತೀರ ಕಡಿಮೆ, ಬೆಂದಾಗ ತಾನೇ ರುಚಿಯಾದ ನೀರು ಬಿಡುತ್ತದೆ, ಹಾಗಾಗಿ ಕಾಯಿಯನ್ನು ಪೂರ್ತಿ ಬಿಡಬಹುದೇ ಎಂದು ನೋಡುವ ಆಸೆ. ಅದಾದ ಮೇಲೆ ಶಿರಸಿಯ ಸ್ನೇಹಿತೆಯ ಮನೆಯ ಒಂದೆಲಗದ ತಂಬುಳಿ. ಅಲ್ಲಿ ಹುಳಿ ಮಜ್ಜಿಗೆಯಿಂದ ಬರುತ್ತದೆ, ಒಲೆಯ ಕುದಿಯೇ ಇಲ್ಲ, ಆದ್ದರಿಂದ ಕಾಯಿಯನ್ನು ಕಾಲು ಭಾಗಕ್ಕೆ ಇಳಿಸಿದರೂ ಒಡೆಯಲಾರದು ಎಂಬುದು ನನ್ನ ಅಂದಾಜು.

ಸೋಮವಾರ ಬೆಳಿಗ್ಗೆ ಉಳಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಮೇಲೆ ನೀರು ನಿಂತಿರಲಿಲ್ಲ, ಗಂಟು ಕಟ್ಟಿರಲಿಲ್ಲ. ಆಯಿ ಅದನ್ನು ದೋಸೆಗೆ ಬಡಿಸಿಕೊಂಡು, ಎರಡನೆಯ ಸಲವೂ ಸೌಟು ಹಾಕಿದಳು. ನಂತರ ಕೇಳಿದಳು, “ಕಗ್ಗ ಇನ್ನೆಷ್ಟು ಉಳಿದಿದೆ?” ಮುಕ್ಕಾಲು ಕಿಲೋ ಇದೆ.