ಯುದ್ಧಕ್ಕೆ ಬೇಕಾದ ಜಪಾನಿ: 1917ರ ಒಂದು ಮೂಕಿ ಚಿತ್ರ

14 ಜೂನ್ 2024, ಶುಕ್ರವಾರ

1917ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಸೀಕ್ರೆಟ್ ಗೇಮ್’ ಎಂಬ ಮೂಕಿ ಚಿತ್ರವನ್ನು ಇಂದು ನೋಡಿದೆ. ಶಾಂತಸಾಗರವನ್ನು ದಾಟಲಿರುವ ಅಮೆರಿಕದ ಸೈನಿಕ ಹಡಗುಗಳ ಗುಟ್ಟು ಮೇಜರ್ ನಾರ್ತ್‌ಫೀಲ್ಡ್ ಎಂಬ ಸೇನಾಧಿಕಾರಿಯ ಕಚೇರಿಯಿಂದಲೇ ಜರ್ಮನರಿಗೆ ಸೋರುತ್ತಿದೆ. ಅದನ್ನು ಪತ್ತೆಹಚ್ಚಲು ಬಂದವನು ನಾರಾ ನಾರಾ ಎಂಬ ಜಪಾನಿ ಬೇಹುಗಾರ. ಮೇಜರನ ಕಾರ್ಯದರ್ಶಿ ಕಿಟ್ಟಿ ಲಿಟಲ್ ಜರ್ಮನ್ ಮೂಲದವಳೆಂದು ತಿಳಿದಮೇಲೆ ಉಳಿದ ಕಥೆಯನ್ನು ಯಾರಾದರೂ ಊಹಿಸಬಹುದು.

ನನ್ನ ಕುತೂಹಲ ಕಥೆಯಲ್ಲಿರಲಿಲ್ಲ, ನಾಯಕನ ಪಾತ್ರ ವಹಿಸಿದ ಜಪಾನಿ ನಟ ಸೆಸ್ಯೂ ಹಯಕಾವ ಅವರಲ್ಲಿತ್ತು. 1915ರ ‘ದಿ ಚೀಟ್’ ಚಿತ್ರದಲ್ಲಿ, ಸಾಲ ಪಡೆದು ಮಾತಿಗೆ ತಪ್ಪಿದ ಬಿಳಿಯ ಹೆಂಗಸಿನ ಭುಜದ ಮೇಲೆ, ತನ್ನ ಸ್ವತ್ತುಗಳಿಗೆಲ್ಲ ಒತ್ತುವ ಮುದ್ರೆಯನ್ನೇ ಕಾಯಿಸಿ ಬರೆ ಹಾಕುವ ಜಪಾನಿ ಸಿರಿವಂತನಾಗಿ ಇಡೀ ದೇಶವನ್ನೇ ಬೆಚ್ಚಿಬೀಳಿಸಿದವರು ಅವರೇ. ಆ ಚಿತ್ರದ ನಿರ್ದೇಶಕ ಸೆಸಿಲ್ ಡಿಮಿಲ್. ಈ ಚಿತ್ರದ್ದು ಅವರ ಅಣ್ಣ ವಿಲಿಯಂ. ಅಣ್ಣತಮ್ಮಂದಿರ ಈ ಎರಡು ಚಿತ್ರಗಳ ನಡುವೆ ಬದಲಾದದ್ದು ನಟನಲ್ಲ, ಮೊದಲ ಮಹಾಯುದ್ಧದ ಲೆಕ್ಕಾಚಾರ. 1917ರ ಏಪ್ರಿಲ್‌ನಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು, 1914ರಿಂದಲೇ ಜರ್ಮನಿಯ ವಿರುದ್ಧ ನಿಂತಿದ್ದ ಜಪಾನು ಅದಕ್ಕೆ ಜೊತೆಗಾರನಾಯಿತು. ಚಿತ್ರ ತೆರೆಗೆ ಬರುವ ತಿಂಗಳ ಹಿಂದಷ್ಟೇ ಚೀನಾದ ವಿಷಯದಲ್ಲಿ ಅಮೆರಿಕ ಮತ್ತು ಜಪಾನು ಮಾಡಿಕೊಂಡ ಲ್ಯಾನ್ಸಿಂಗ್–ಇಶಿಯಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು.

ಅದೇ ವರ್ಷದ ಆರಂಭದಲ್ಲಿ ಪತ್ರಿಕೋದ್ಯಮಿ ಹರ್ಸ್ಟ್ ಅವರ ಸಂಸ್ಥೆ ತಂದ ‘ಪೇಟ್ರಿಯಾ’ ಎಂಬ ಧಾರಾವಾಹಿ ಚಿತ್ರದಲ್ಲಿ ಜಪಾನೀಯರು ಇನ್ನೂ ಒಳಸಂಚುಗಾರರೇ ಆಗಿದ್ದರು. ಅಧ್ಯಕ್ಷ ವಿಲ್ಸನ್ ಸ್ವತಃ ಆಕ್ಷೇಪಿಸಿದ ಮೇಲೆ ಜಪಾನಿ ಖಳನಿಗೆ ಮೆಕ್ಸಿಕೋದವನ ಹೆಸರಿಟ್ಟು ಕೈತೊಳೆದುಕೊಂಡರು. ‘ದಿ ಚೀಟ್’ 1918ರಲ್ಲಿ ಮರುಬಿಡುಗಡೆಯಾದಾಗಲೂ ನಡೆದದ್ದು ಇದೇ: ದೃಶ್ಯಗಳ ನಡುವೆ ಮಾತುಗಳನ್ನು ಬರೆದು ತೋರಿಸುವ ಅಕ್ಷರಫಲಕಗಳನ್ನು ಬದಲಿಸಿ ಖಳನಾಯಕನನ್ನು ಬರ್ಮಾದ ದಂತದ ವ್ಯಾಪಾರಿಯನ್ನಾಗಿಸಿದರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ವಾಷಿಂಗ್ಟನ್ನಿನಲ್ಲಿ ಮುನಿಸಿಕೊಳ್ಳಲು ಅದಕ್ಕೆ ರಾಯಭಾರಿ ಎಲ್ಲಿದ್ದ! ಮೂಕಿ ಚಿತ್ರದ ಅನುಕೂಲವೇ ಇದು: ತುಟಿ ಅಲುಗುವುದಷ್ಟೇ ಕಾಣುವುದರಿಂದ, ಆಡಿದ ಮಾತೂ ಆಡಿದವನ ದೇಶವೂ ಕತ್ತರಿ ಹಿಡಿದವನ ಮರ್ಜಿಗೆ ಬಿಟ್ಟದ್ದು.

ಹಯಕಾವರ ಅಭಿನಯದ ಬಗ್ಗೆ ಒಂದು ಮಾತು ಬರೆದಿಡಬೇಕು. ಸುತ್ತಲಿನವರು ನಾಟಕದ ರೀತಿಯಲ್ಲಿ ಕೈಬೀಸುತ್ತಿರುವಾಗ ಅವರು ಕದಲದೆ ನಿಲ್ಲುತ್ತಾರೆ, ಮತ್ತು ನಮ್ಮ ಕಣ್ಣು ಅವರನ್ನು ಬಿಟ್ಟು ಹೋಗುವುದಿಲ್ಲ. ಆದರೆ ಮಿತ್ರರಾಷ್ಟ್ರದ ಈ ವೀರನಿಗೂ ಚಿತ್ರ ಒಂದು ಗಡಿಯನ್ನು ಹಾಕಿಯೇ ಇದೆ. ಕಿಟ್ಟಿಯ ಮೇಲಿನ ಅವನ ಮೋಹ ಕೈಮೀರಿ, ಅವಳನ್ನು ಬಲವಂತಪಡಿಸುವವರೆಗೂ ಹೋಗಿ, ಕಡೆಗೆ ಅವನ ಸಾವಿನಲ್ಲಿ ಮುಗಿಯುತ್ತದೆ. ಆಗಿನ ಕ್ಯಾಲಿಫೋರ್ನಿಯಾದಲ್ಲಿ ಜಪಾನಿ ಗಂಡಸು ಬಿಳಿಯ ಹೆಂಗಸನ್ನು ಮದುವೆಯಾಗುವುದಕ್ಕೆ ಕಾನೂನೇ ಅಡ್ಡವಿತ್ತು, ಚಿತ್ರಕಥೆಯೂ ಆ ಕಾನೂನನ್ನು ದಾಟುವ ಧೈರ್ಯ ಮಾಡಿಲ್ಲ.