ಸಂದರ್ಶನದ ಬಟ್ಟೆಗೆ ಹಣ ಬೇಡ: ಡ್ರೈಕ್ಲೀನಿಂಗ್ ಅಂಗಡಿಯ ಕೆಲಸ ಕಲಿಸಿದ್ದು

ಬೆಂಗಳೂರಿನ ವಿಜಯನಗರದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ನಡೆಸುವವನು ನಾನು. ಅತ್ತಿಗುಪ್ಪೆ, ಚಂದ್ರಾ ಲೇಔಟ್‌ವರೆಗೂ ಹಬ್ಬಿರುವ ಈ ಭಾಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳೂ ಪಿ.ಜಿ.ಗಳೂ ತುಂಬಿಕೊಂಡಿವೆ. ರಾಯಚೂರು, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಯುವಕ ಯುವತಿಯರು ಒಂದು ಕಡೆ ಸರ್ಕಾರಿ ನೌಕರಿಗೆ ಓದುತ್ತಾ, ಇನ್ನೊಂದು ಕಡೆ ಖಾಸಗಿ ಕಂಪನಿಗಳ ಸಂದರ್ಶನಗಳಿಗೆ ಅಲೆಯುತ್ತಿರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಇರುವುದು ಒಂದೇ ಜೊತೆ ಒಳ್ಳೆಯ ಬಟ್ಟೆ.

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಪ್ಲಾಝಾ ಕ್ಲೀನರ್ಸ್ ಎಂಬ ಅಂಗಡಿಯವರು, ಕೆಲಸವಿಲ್ಲದವರು ಸಂದರ್ಶನಕ್ಕೆ ಹೊರಟರೆ ಅವರ ಬಟ್ಟೆಯನ್ನು ಪುಕ್ಕಟೆಯಾಗಿ ಶುಚಿಗೊಳಿಸಿ ಕೊಡುವುದಾಗಿ ಬೋರ್ಡು ಹಾಕಿದ್ದರು. 1865ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರಂಭವಾದ, ಚಪ್ಪಲಿ ರಿಪೇರಿ ಮತ್ತು ಬೀಗದ ಕೈ ಮಾಡಿಕೊಡುವುದಕ್ಕೆ ಹೆಸರಾದ ಬ್ರಿಟನ್ನಿನ ಟಿಂಪ್ಸನ್ ಸಂಸ್ಥೆಯ ಅಂಗಡಿಗಳಲ್ಲಿಯೂ ಇಂಥದೇ ವ್ಯವಸ್ಥೆ ಇದೆ. ಈ ಎರಡರ ಬಗ್ಗೆ ಓದಿದ ಮೇಲೆ ನಾವೂ ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು: ಸದ್ಯ ಕೆಲಸದಲ್ಲಿಲ್ಲದವರು ಸಂದರ್ಶನಕ್ಕೆ ಹಾಕಿಕೊಳ್ಳುವ ಒಂದು ಜೊತೆ ಬಟ್ಟೆಗೆ ಇಲ್ಲಿ ಹಣ ತೆಗೆದುಕೊಳ್ಳುವುದಿಲ್ಲ.

ಇಂಥ ಸೇವೆಯ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲು ಕೇಳುವುದು ಖರ್ಚಿನ ಲೆಕ್ಕ. ಹೇಗೂ ತಿರುಗಲೇಬೇಕಾದ ಯಂತ್ರಕ್ಕೆ ಇನ್ನೊಂದು ಕೋಟು ಸೇರಿದರೆ ದ್ರಾವಣದ ಖರ್ಚಾಗಲಿ ಕರೆಂಟಿನ ಖರ್ಚಾಗಲಿ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಕಷ್ಟವಿರುವುದು ಸಮಯದಲ್ಲಿ. ಸಂದರ್ಶನದ ಕರೆ ಬರುವುದು ಸಾಮಾನ್ಯವಾಗಿ ಹಿಂದಿನ ದಿನ ಮಧ್ಯಾಹ್ನದ ಮೇಲೆ. ನಾಳಿದ್ದು ಸಿಗುವ ಪುಕ್ಕಟೆ ಸೇವೆ, ನಾಳೆ ಬೆಳಿಗ್ಗೆ ಸಂದರ್ಶನವಿರುವವನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಒಂದು ಸಂಜೆ ರಾಯಚೂರು ಕಡೆಯ ಹುಡುಗನೊಬ್ಬ ಅಣ್ಣನ ಮದುವೆಯಲ್ಲಿ ಹೊಲಿಸಿದ ನೀಲಿ ಕೋಟನ್ನು ಹಿಡಿದುಕೊಂಡು ಬಂದ. ಪಿ.ಜಿ.ಯ ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ಯಾರೋ ಅದನ್ನು ನೆನೆಸಿದ್ದರಿಂದ ಎದೆಯ ಮಡಿಕೆಯೊಳಗೆ ಬಿಗಿಗಾಗಿ ಅಂಟಿಸಿರುವ ಫ್ಯೂಸಿಂಗ್ ಎಂಬ ಪದರ ಅಲ್ಲಲ್ಲಿ ಬಿಟ್ಟುಕೊಂಡು ಬಟ್ಟೆ ಗುಳ್ಳೆ ಎದ್ದಿತ್ತು. ನೇರವಾಗಿ ಇಸ್ತ್ರಿ ಉಜ್ಜಿದ್ದರಿಂದ ತೋಳು ಹೊಳೆಯುತ್ತಿತ್ತು. “ಅಣ್ಣಾರ, ನಾಳೆ ಮುಂಜಾನೆ ಒಂಬತ್ತಕ್ಕ ವೈಟ್‌ಫೀಲ್ಡ್‌ನಾಗ ಇರಬೇಕ್ರಿ, ಆಗ್ತದೇನ್ರಿ?” ಎಂದು ಕೇಳಿದ. ಕಂಕುಳಲ್ಲಿ ಬೆವರಿನ ಕಲೆಯೂ ಇತ್ತು. ಡ್ರೈಕ್ಲೀನಿಂಗ್ ದ್ರಾವಣವು ಎಣ್ಣೆ ಜಿಡ್ಡನ್ನು ತೆಗೆಯುತ್ತದೆಯೇ ಹೊರತು ನೀರಿನಲ್ಲಿ ಕರಗುವ ಬೆವರಿನ ಉಪ್ಪನ್ನು ಅಷ್ಟಾಗಿ ತೆಗೆಯುವುದಿಲ್ಲವಾದ್ದರಿಂದ, ಆ ಭಾಗವನ್ನು ಮೊದಲು ಕೈಯಿಂದಲೇ ಶುಚಿ ಮಾಡಬೇಕು. ನಮ್ಮ ಇಸ್ತ್ರಿ ಮಾಸ್ತರರು ಒದ್ದೆ ಹತ್ತಿ ಬಟ್ಟೆಯನ್ನು ಮೇಲಿಟ್ಟು, ಹಬೆ ಕೊಟ್ಟು, ಮಡಿಕೆಯನ್ನು ಒತ್ತಿ ಹಿಡಿದು ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಕೂರಿಸಿದರು. ತೋಳಿನ ಹೊಳಪು ಪೂರ್ತಿ ಹೋಗಲಿಲ್ಲ. ಅದನ್ನು ಹುಡುಗನಿಗೆ ಹೇಳಿಯೇ ಕೊಟ್ಟೆವು.

ವೈಟ್‌ಫೀಲ್ಡ್‌ಗೆ ಒಂಬತ್ತಕ್ಕೆ ತಲುಪಬೇಕಾದರೆ ಇಲ್ಲಿಂದ ಏಳರ ಸುಮಾರಿಗೆ ಹೊರಡಬೇಕು. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದ್ದರೂ ಪ್ರಯಾಣಕ್ಕೆ ಒಂದು ಗಂಟೆಗಿಂತ ಹೆಚ್ಚೇ ಬೇಕು. ನಮ್ಮ ಅಂಗಡಿ ತೆರೆಯುವುದು ಹತ್ತಕ್ಕೆ. ಇದಕ್ಕೆ ದಾರಿ ತೋರಿಸಿದವರು ಪಕ್ಕದ ನಂದಿನಿ ಹಾಲಿನ ಬೂತಿನವರು. ಅವರು ನಸುಕಿನಲ್ಲೇ ಬಾಗಿಲು ತೆರೆಯುತ್ತಾರೆ. ಸಂಜೆ ಆರರೊಳಗೆ ಬಂದ ಬಟ್ಟೆಯನ್ನು ರಾತ್ರಿಯೇ ಮುಗಿಸಿ, ಕವರ್ ಹಾಕಿ ಅವರ ಬೂತಿನೊಳಗಿನ ಕೊಂಡಿಗೆ ತೂಗುಹಾಕುತ್ತೇವೆ. ಚೀಟಿಯ ಸಂಖ್ಯೆ ಹೇಳಿದವರಿಗೆ ಅವರು ಕೊಡುತ್ತಾರೆ. ಈ ಇಡೀ ಸೇವೆ ನಿಂತಿರುವುದು ಆ ಕೊಂಡಿಯ ಮೇಲೆ.

ರಾತ್ರಿ ಮುಗಿಸುವ ಕೆಲಸಕ್ಕೆ ಕೂಲಿ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇಸ್ತ್ರಿ ಮಾಸ್ತರರಿಗೆ ಪೀಸಿನ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಗಿರಾಕಿಗೆ ಪುಕ್ಕಟೆಯೆಂದ ಮಾತ್ರಕ್ಕೆ ಅವರ ಪೀಸು ಪುಕ್ಕಟೆಯಾಗಬಾರದು. ದಾನ ಮಾಲೀಕನದು, ದುಡಿಮೆ ಕೆಲಸಗಾರನದು ಎಂಬ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಈ ಬಟ್ಟೆಗಳಿಗೆ ಅರ್ಜೆಂಟ್ ಕೆಲಸದ ದರವನ್ನೇ ಅವರಿಗೆ ಕೊಡುತ್ತೇವೆ.

ಇನ್ನು, ನಿಜವಾಗಿಯೂ ನಿರುದ್ಯೋಗಿಯೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ನಾವು ಕೇಳುವುದೇ ಇಲ್ಲ. ಸಂದರ್ಶನ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳುತ್ತೇವೆ, ಅದೂ ಬಟ್ಟೆ ಯಾವಾಗ ಸಿದ್ಧವಾಗಬೇಕೆಂದು ತಿಳಿಯುವುದಕ್ಕಾಗಿ. ಯುವನಿಧಿಯಂಥ ಸರ್ಕಾರಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಆದವರಿಗೆ 1500 ರೂಪಾಯಿ ಕೊಡುವಾಗ ದಾಖಲೆ ನೋಡಬೇಕಾದದ್ದು ನ್ಯಾಯವೇ. ಅದು ಸಾರ್ವಜನಿಕರ ಹಣ. ಒಂದು ಪ್ಯಾಂಟು, ಒಂದು ಶರಟಿಗೆ ಮಾರ್ಕ್ಸ್ ಕಾರ್ಡು ತೋರಿಸು ಎಂದರೆ, ಮನೆಯವರಿಗೂ ನೆಂಟರಿಗೂ ಉತ್ತರ ಕೊಟ್ಟು ಸುಸ್ತಾದವರು ಕೌಂಟರಿನ ಮುಂದೆ ಮತ್ತೊಮ್ಮೆ ತಮ್ಮ ಸ್ಥಿತಿಯನ್ನು ವಿವರಿಸಬೇಕಾಗುತ್ತದೆ. ಸುಳ್ಳು ಹೇಳಿ ಬರುವವರೂ ಇರಬಹುದು. ಅವರಿಂದಾಗುವ ನಷ್ಟ ಒಂದೆರಡು ಪೀಸಿನದು. ಕೇಳಿದರೆ, ನಿಜವಾಗಿ ಬೇಕಾದವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಹಾಗೆ ಹಿಂದಿರುಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲಸ ಕೊಡಿಸುತ್ತೇವೆಂದು ಹೇಳಿ ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಹಣ ಕೀಳುವವರ ಕೈಗೆ ಸಿಕ್ಕವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅಂಥವರಿಗೆ ಪುಕ್ಕಟೆ ಎಂಬ ಮಾತೇ ಅನುಮಾನ ಹುಟ್ಟಿಸುತ್ತದೆ. ಆದ್ದರಿಂದ ನಾವು ಫೋನ್ ನಂಬರು ಪಡೆಯುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಕೆಲಸ ಸಿಕ್ಕಿತೇ ಎಂದು ವಿಚಾರಿಸುವುದಿಲ್ಲ. ಉಳಿದ ಗಿರಾಕಿಗಳ ಬಟ್ಟೆಗೆ ಹಾಕುವ ಟ್ಯಾಗನ್ನೇ ಇವಕ್ಕೂ ಹಾಕುತ್ತೇವೆ. ಸಹಾಯ ಪಡೆದವರ ಫೋಟೊವನ್ನು ಜಾಹೀರಾತಿಗೆ ಬಳಸುವ ಅಂಗಡಿಯವರಿಗೆ ನನ್ನ ಕಳಕಳಿಯ ಮನವಿ, ದಯವಿಟ್ಟು ಅದನ್ನು ನಿಲ್ಲಿಸಿ.

ಹೆಣ್ಣುಮಕ್ಕಳು ಬರುವುದು ಈಗಲೂ ಕಡಿಮೆ. ಚೀಟಿಯಲ್ಲಿ ಬಟ್ಟೆ ಎಂದಷ್ಟೇ ಇದ್ದುದನ್ನು ತಿದ್ದಿ, ಸೀರೆ, ಚೂಡಿದಾರ್ ಎಂದು ಬಿಡಿಸಿ ಬರೆದ ಮೇಲೆ ಕೆಲವರು ಬರತೊಡಗಿದರು. ಎದುರಿನ ಜೆರಾಕ್ಸ್ ಅಂಗಡಿಯವರು ಈಗ ಸಂದರ್ಶನಕ್ಕೆ ಹೋಗುವವರ ಬಯೋಡೇಟಾವನ್ನು ಹಣವಿಲ್ಲದೆ ಪ್ರಿಂಟ್ ಹಾಕಿಕೊಡುತ್ತಿದ್ದಾರೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆಯಲ್ಲಿ 2018ರಲ್ಲಿ ಸಂದರ್ಶನಕ್ಕೆಂದು ಟೈ, ಕೈಚೀಲಗಳನ್ನು ಎರವಲು ಕೊಡತೊಡಗಿದರು. ನಮ್ಮಲ್ಲಿ ಟೈಗಿಂತ ಬೂಟಿನ ತೊಂದರೆ ಹೆಚ್ಚು. ಬಸ್ ನಿಲ್ದಾಣದ ಹತ್ತಿರ ಕೂರುವ ಚಮ್ಮಾರಣ್ಣನ ಜೊತೆ ಮಾತಾಡಿದ್ದೇನೆ. ಪಾಲಿಶ್ ಮತ್ತು ಸಣ್ಣ ಹೊಲಿಗೆಯ ಹಣವನ್ನು ನಾವು ವಾರಕ್ಕೊಮ್ಮೆ ಅವರಿಗೆ ಕೊಡುವುದೆಂದೂ, ನಮ್ಮ ಚೀಟಿ ತೋರಿಸಿದವರಿಂದ ಅವರು ಏನನ್ನೂ ತೆಗೆದುಕೊಳ್ಳಬಾರದೆಂದೂ ಒಪ್ಪಂದವಾಗಿದೆ.